ಸೊನ್ನೆಗೆ ಸೊನ್ನೆ, ಎಲ್ಲರೂ ಫಸ್ಟು

ಭಾರತ ಫುಟ್‌ಬಾಲ್ ತಂಡಕ್ಕೆ ಅಭಿನಂದನೆ. 2025ರ ಮಾರ್ಚ್‌ನಲ್ಲಿ ಶಿಲ್ಲಾಂಗ್‌ನಲ್ಲಿ ಬಾಂಗ್ಲಾದೇಶದ ಎದುರು ತೊಂಬತ್ತು ನಿಮಿಷ ಆಡಿ, ಒಂದೂ ಗೋಲು ಹೊಡೆಯದೆ ನಾವು ಏಷ್ಯನ್ ಕಪ್ ಅರ್ಹತಾ ಸುತ್ತಿನ ಗ್ರೂಪಿನಲ್ಲಿ ಮೊದಲ ಸ್ಥಾನಕ್ಕೆ ಬಂದೆವು. ಕೊನೆಯ ಸ್ಥಾನವೂ ನಮ್ಮದೇ. ಅದೇ ದಿನ ಸಿಂಗಾಪುರ–ಹಾಂಗ್‌ಕಾಂಗ್ ಪಂದ್ಯವೂ 0-0 ಆಯಿತಲ್ಲ! ನಾಲ್ಕು ತಂಡ, ತಲೆಗೊಂದು ಪಾಯಿಂಟು, ಎಲ್ಲರ ಗೋಲು ಕೂಡಿಸಿದರೂ ಸೊನ್ನೆ. ಇಷ್ಟು ಸಮಾನತೆ ಯಾವ ಪಕ್ಷದ ಪ್ರಣಾಳಿಕೆಯಲ್ಲೂ ಇಲ್ಲ. 2027ರ ಏಷ್ಯನ್ ಕಪ್‌ಗೆ ಇವರಲ್ಲಿ ಒಬ್ಬರಷ್ಟೇ ಹೋಗಬಹುದಿತ್ತು. ಯಾರಿಗೂ ಅವಸರ ಇದ್ದಂತಿರಲಿಲ್ಲ.

ರ‍್ಯಾಂಕಿಂಗ್‌ನಲ್ಲಿ ಆಗ ಬಾಂಗ್ಲಾ 185, ನಾವು 126. ಅತಿಥಿಗಳಿಗೆ ಬೇಜಾರಾಗಬಾರದು ಅಂತ ಆಟ ಶುರುವಾದ ಕೂಡಲೇ ನಮ್ಮ ಗೋಲ್‌ಕೀಪರ್ ಚೆಂಡನ್ನು ಅವರ ಕಾಲಿಗೇ ಕೊಟ್ಟರು. ಎದುರಿಗೆ ಖಾಲಿ ಗೋಲು. ಅವರೂ ಮರ್ಯಾದಸ್ಥರು, ಹೊರಗೆ ಹೊಡೆದರು. ಅಲ್ಲಿಂದ ಮುಂದೆ ಎರಡೂ ಕಡೆ ಅದೇ ಸೌಜನ್ಯ.

ನಾವು ನೋಡುತ್ತಿದ್ದದ್ದು ಬೆಳಗಾವಿಯ ಕ್ಯಾಂಪ್ ಕಡೆಯ ಒಂದು ಚಹಾದಂಗಡಿ ಮುಂದೆ, ಗೆಳೆಯನ ಮೊಬೈಲಿನಲ್ಲಿ. ಅಂಗಡಿಯ ಮಾಮಾ ಆಗಾಗ ಇಣುಕಿ, "ಏನ್ರಿ, ಗೋಲ್ ಆತೇನ್ರಿ?" ಅನ್ನುತ್ತಿದ್ದರು. ಕೊನೆಗೆ ಅವರಿಗೂ ಸಾಕಾಯಿತು. "ಆಗೂದಿದ್ರ ಈಗ ಹೇಳ್ರಿ, ನಾ ಬಾಗಲಾ ಹಾಕ್ಬೇಕ್ರಿ."

ಹಾಗೆ ನೋಡಿದರೆ ಬೆಳಗಾವಿ ಮಂದಿಗೆ ಇಂಥ ಆಟ ಹೊಸದಲ್ಲ. 2012ರಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಯಾದ ಮೇಲೆ ಹೆಚ್ಚುಕಡಿಮೆ ಪ್ರತಿ ಚಳಿಗಾಲ ನೋಡುತ್ತಿದ್ದೇವೆ. ಎರಡೂ ತಂಡ ಬೆಂಗಳೂರಿನಿಂದ ಬರುತ್ತವೆ. ಲಾಡ್ಜುಗಳೆಲ್ಲ ಭರ್ತಿ, ಹೆದ್ದಾರಿ ತುಂಬ ಪೊಲೀಸರು. ಪ್ರೇಕ್ಷಕರಿಗೆ ಕೊಂಡಸಕೊಪ್ಪದಲ್ಲಿ ಟೆಂಟು. ಪ್ರೇಕ್ಷಕರು ಅಂದರೆ ಕಬ್ಬಿನ ಬಾಕಿ ಕೇಳುವ ರೈತರು, ಸಂಬಳ ಕೇಳುವ ಅತಿಥಿ ಉಪನ್ಯಾಸಕರು. ಮೊದಲ ವಾರ ಚೆಂಡು ನಡುಗೆರೆ ದಾಟುವುದಿಲ್ಲ. ಬಾವಿಗಿಳಿದು ಧರಣಿ, ಸಭೆ ಮುಂದೂಡಿಕೆ, ಮತ್ತೆ ಧರಣಿ. ಉತ್ತರ ಕರ್ನಾಟಕದ ಚರ್ಚೆ ಬರುವುದು ಇಂಜುರಿ ಟೈಮಿನಲ್ಲಿ. ಅಷ್ಟರಲ್ಲಿ ಅರ್ಧ ಆಟಗಾರರು ಕಾರು ಹತ್ತಿರುತ್ತಾರೆ, ಡಿಕ್ಕಿಯಲ್ಲಿ ಕುಂದಾ. ಮಹದಾಯಿ? ಅದು ಮುಂದಿನ ಪಂದ್ಯಕ್ಕೆ. ಆಮೇಲೆ ಎರಡೂ ಕಡೆಯವರು ಪತ್ರಿಕಾಗೋಷ್ಠಿ ಕರೆದು ನಾವೇ ಗೆದ್ದೆವು ಅನ್ನುತ್ತಾರೆ. ನಿಜಕ್ಕೂ ಗೆದ್ದವನು ಕುಂದಾ ಮಾರಿದವನು.

ಇರಲಿ, ಫುಟ್‌ಬಾಲಿಗೆ ಬರೋಣ. ವರ್ಷಗಟ್ಟಲೆ ನಮಗೆ ಗೋಲು ಹೊಡೆದುಕೊಟ್ಟ ಸುನಿಲ್ ಚೆಟ್ರಿ 2024ರ ಜೂನ್‌ನಲ್ಲಿ ಕೋಲ್ಕತ್ತಾದಲ್ಲಿ ಕುವೈತ್ ಎದುರು ಆಡಿ ವಿದಾಯ ಹೇಳಿದ್ದರು. ಅದೂ 0-0, ನೆನಪಿದೆಯಲ್ಲ? ಆ ವರ್ಷವಿಡೀ ಭಾರತ ಒಂದೂ ಪಂದ್ಯ ಗೆಲ್ಲಲಿಲ್ಲ. ಆಗ ದೇಶವನ್ನೆಲ್ಲ ಜಾಲಾಡಿ ನಮ್ಮವರು ಹೊಸ ಪ್ರತಿಭೆಯೊಂದನ್ನು ಹುಡುಕಿದರು. ಹೆಸರು ಸುನಿಲ್ ಚೆಟ್ರಿ, ವಯಸ್ಸು ನಲವತ್ತು.

ಪಾಪ, ಅವರ ತಪ್ಪೇನಿದೆ. ಬಂದವರೇ ಮಾಲ್ದೀವ್ಸ್ ಎದುರು ಒಂದು ಗೋಲು ಹೊಡೆದುಕೊಟ್ಟರು. ಆದರೆ ನೂರನಲವತ್ತು ಕೋಟಿ ಜನರಲ್ಲಿ ಮುಂದೆ ನಿಂತು ಗೋಲು ಹೊಡೆಯುವ ಇನ್ನೊಬ್ಬ ಹುಡುಗ ಇಲ್ಲ ಅಂದರೆ ನಾನು ನಂಬುವುದಿಲ್ಲ. ತಿಲಕವಾಡಿಯ ಲೇಲೆ ಮೈದಾನಕ್ಕೆ ಸಂಜೆ ಹೋಗಿ ನೋಡಿ. ಪೋರರು ಎಲ್ಲಿ ಚೆಂಡು ಸಿಕ್ಕಿತೋ ಅಲ್ಲಿಂದಲೇ ಗೋಲಿಗೆ ಒದೆಯುತ್ತಾರೆ. ಅವರಲ್ಲೊಬ್ಬ ಹೇಗೋ ದೊಡ್ಡ ಕ್ಲಬ್ಬಿಗೆ ಹೋದ ಅಂದುಕೊಳ್ಳಿ. ಅಲ್ಲಿ ಮುಂದಿನ ಜಾಗ ವಿದೇಶದಿಂದ ಬಂದವರಿಗೆ. ಇವನಿಗೆ ವಿಂಗು, ಇಲ್ಲವೇ ಬೆಂಚು. 2024-25ರ ಸಾಲಿನ, ದೇಶದ ದೊಡ್ಡ ಲೀಗಾದ ಐಎಸ್‌ಎಲ್‌ನಲ್ಲಿ ಭಾರತೀಯರ ಪೈಕಿ ಜಾಸ್ತಿ ಗೋಲು ಹೊಡೆದವರೂ ಮತ್ತೆ ಚೆಟ್ರಿಯೇ! ವರ್ಷವಿಡೀ ಗೋಲಿನ ಹತ್ತಿರ ಬಿಟ್ಟುಕೊಳ್ಳದ ಹುಡುಗನಿಗೆ ದೇಶದ ಅಂಗಿ ತೊಡಿಸಿ ಹೊಡೆ ಅಂದರೆ ಅವನು ಏನು ಮಾಡಬೇಕು? ಪಕ್ಕದವನಿಗೆ ಪಾಸ್ ಕೊಡುತ್ತಾನೆ. ಪಕ್ಕದವನೂ ಅವನಂಥವನೇ, ಹಿಂದಕ್ಕೆ ಕೊಡುತ್ತಾನೆ. ಇದಕ್ಕೆ ಎಚ್ಚರಿಕೆಯ ಆಟ ಅಂತ ಹೆಸರಿಡಬೇಡಿ. ಇದು ಹೆದರಿಕೆ. ಕಲಿಸಿದ್ದು ನಾವೇ.

ಆಗಿನ ಕೋಚ್ ಮನೋಲೊ ಮಾರ್ಕ್ವೆಜ್ ಪಂದ್ಯದ ನಂತರ ತುಂಬಾ ಸಿಟ್ಟು ಬಂದಿದೆ ಅಂದರು. ಬರಲಿ. ಆಗ ಗೋವಾದ ಕ್ಲಬ್ಬಿಗೂ ಅವರೇ ಕೋಚಾಗಿದ್ದರು, ದೇಶಕ್ಕೂ ಅವರೇ. ಎರಡು ಕಾಲೇಜಿಗೆ ಓಡಾಡುವ ನಮ್ಮ ಅತಿಥಿ ಉಪನ್ಯಾಸಕರ ಹಾಗೆ. ವ್ಯತ್ಯಾಸ ಇಷ್ಟೇ, ಉಪನ್ಯಾಸಕರಿಗೆ ಸಿಟ್ಟು ಬಂದರೆ ಹೋಗಿ ಕೂರಲು ಕೊಂಡಸಕೊಪ್ಪದ ಟೆಂಟಾದರೂ ಇದೆ.