ಚಿಕ್ಕಪ್ಪನ ಮೊಳೆಗಳು ಮತ್ತು ನಮ್ಮ ಹಲಸಿನ ದಿಮ್ಮಿ

ಮನೆ ಎದುರಿಗೆ ಒಂದು ದೊಡ್ಡ ಮರ, ಮನೆಯೊಳಗೆ ಒಂದು ಸುತ್ತಿಗೆ, ಮಧ್ಯಾಹ್ನ ಊಟ ಆದ್ಮೇಲೆ ನಿದ್ದೆ ಬರದೇ ಇರೋ ಒಬ್ಬ ಗಂಡಸು. ಇಷ್ಟಿದ್ರೆ ಸಾಕು, ಮರದ ಗತಿ ಮುಗೀತು. ನಿಮ್ಮನೇಲೂ ಇಂಥವರೊಬ್ರು ಇದ್ದೇ ಇರ್ತಾರೆ, ಇಲ್ಲ ಅನ್ಬೇಡಿ. ಬಟ್ಟೆ ಹಗ್ಗ ಕಟ್ಟೋಕೆ ಒಂದು ಮೊಳೆ, ಹಾಲಿನ ಕ್ಯಾನ್ ನೇತುಹಾಕೋಕೆ ಒಂದು, ಕತ್ತಿ ಸಿಕ್ಕಿಸೋಕೆ ಒಂದು, "ನಾಯಿ ಇದೆ ಎಚ್ಚರಿಕೆ" ಬೋರ್ಡಿಗೆ ಎರಡು, ಆಮೇಲೆ ನಾಯಿ ಸತ್ತೋದ್ರೂ ಬೋರ್ಡು ತುಕ್ಕು ಹಿಡಿದು ಉದುರಿದ್ರೂ ಮೊಳೆ ಮಾತ್ರ ಅಲ್ಲೇ. ಹೊಡೆಯೋರಿಗಿರೋ ಉತ್ಸಾಹ ಕೀಳೋರಿಗೆ ಇರಲ್ಲ ನೋಡಿ. ಮರ ಪಾಪ ಏನೂ ಹೇಳಲ್ಲ, ನಿಧಾನಕ್ಕೆ ಎಲ್ಲಾನೂ ನುಂಗಿಕೊಂಡು ಮೇಲೆ ತೊಗಟೆ ಮುಚ್ಚಿಬಿಡುತ್ತೆ. ನುಂಗಿದ್ದನ್ನೆಲ್ಲ ಒಂದಿನ ಲೆಕ್ಕ ಸಮೇತ ವಾಪಸ್ ಕೊಡುತ್ತೆ ಅಂತ ನಂಗೆ ಗೊತ್ತಾಗಿದ್ದು ಹೋದ ವಾರ. ಲೆಕ್ಕ ಕಟ್ಟಿದ್ದು ನಾನು. ಮೊಳೆ ಹೊಡೆದೋರು ಚಿಕ್ಕಪ್ಪ.

ವಿಷಯ ಏನಪ್ಪಾ ಅಂದ್ರೆ, ತೀರ್ಥಹಳ್ಳಿ ಕಡೆ ನಮ್ಮನೆ ಅಂಗಳದ ಮೂಲೆಯಲ್ಲಿದ್ದ ಹಲಸಿನ ಮರ ಈ ಸಲದ ಆಷಾಢದ ಗಾಳಿಗೆ ಬಿತ್ತು. ಪುಣ್ಯಕ್ಕೆ ಕೊಟ್ಟಿಗೆ ಕಡೆ ಬೀಳಲಿಲ್ಲ. ಸ್ವಂತ ಜಾಗದ ಮರ ಆದ್ರೂ ಸುಮ್ನೆ ಕೊಯ್ಯೋಹಾಗಿಲ್ಲ, 1976ರ ವೃಕ್ಷ ಸಂರಕ್ಷಣೆ ಕಾಯ್ದೆ ಅಂತ ಒಂದಿದೆ, ಸಿಲ್ವರ್ ಓಕ್, ನೀಲಗಿರಿ ತರದವಕ್ಕೆ ಅದ್ರಲ್ಲಿ ವಿನಾಯಿತಿ, ಹಲಸಿಗೆ ಯಾಕೆ ಬೇಕು ರಗಳೆ ಅಂತ ಅರ್ಜಿ ಕೊಟ್ಟು ಸಹಿ ಹಾಕ್ಸಿಕೊಂಡು ಬಂದಿದ್ದಾಯ್ತು, ಆ ಪುರಾಣ ಇನ್ನೊಂದಿನ ಹೇಳ್ತೀನಿ. ಮಳೆಗಾಲದಲ್ಲಿ ಅಂಗಳ ಪೂರ್ತಿ ಕೆಸರು, ಯಾವ ಮಿಷನ್ನೂ ಒಳಗೆ ಬರಲ್ಲ, ಹಾಗಾಗಿ ದೀಪಾವಳಿ ಕಳೆಯೋ ತನಕ ದಿಮ್ಮಿ ಅಲ್ಲೇ ಬಿದ್ದಿತ್ತು. ಹೋಗೋರು ಬರೋರೆಲ್ಲ ಅದರ ಮೇಲೆ ಕೂತು ಎಲೆ ಅಡಿಕೆ ಹಾಕ್ಕೊಂಡು, ಇದನ್ನ ಹೆಂಗೆ ಕೊಯ್ಸಬೇಕು ಅಂತ ನಂಗೆ ಪಾಠ ಮಾಡಿ ಹೋಗೋರು.

ಮೊದಲು ಚೈನ್ ಸಾ ಹುಡುಗರನ್ನೇ ಕರೆಸೋಣ ಅಂತಿದ್ದೆ. ಆದ್ರೆ ಚೈನ್ ಸಾದಲ್ಲಿ ಪ್ರತಿ ಕೊಯ್ತಕ್ಕೂ ಕಾಲಿಂಚಿಗಿಂತ ಜಾಸ್ತಿ ಮರ ಪುಡಿಯಾಗಿ ಹೋಗುತ್ತೆ, ಮೂರು ಕೊಯ್ತ ಆಗೋಷ್ಟ್ರಲ್ಲಿ ಒಂದಿಂಚಿನ ಒಂದು ಹಲಗೆ ಗಾಳಿಗೆ ಹೋಯ್ತು ಅಂತಲೇ ಲೆಕ್ಕ. ಹಲಸಿನ ಕೆಚ್ಚು ಅಂದ್ರೆ ಸುಮ್ನೇನಾ, ವೀಣೆ ಮೃದಂಗ ಮಾಡೋ ಮರ ಮಾರಾಯ್ರೇ, ಗೆದ್ದಲೂ ಹತ್ತಿರ ಸುಳಿಯಲ್ಲ. ಅದಕ್ಕೆ ಟ್ರ್ಯಾಕ್ಟರ್ ಹಿಂದೆ ಕಟ್ಟಿಕೊಂಡು ಮನೆ ಬಾಗಿಲಿಗೇ ಬರೋ ಬ್ಯಾಂಡ್ ಸಾ ಮಿಷನ್ನಿನವನಿಗೆ ಹೇಳಿದೆ. ಅದ್ರ ಬ್ಲೇಡು ಪಟ್ಟಿ ತರ ತೆಳ್ಳಗೆ ಇರುತ್ತೆ, ಎರಡು ಚಕ್ರದ ಮೇಲೆ ಸುತ್ತುತ್ತೆ, ಒಂದು ಕೊಯ್ತಕ್ಕೆ ಎರಡು ಮಿಲಿಮೀಟರ್ ಆಸುಪಾಸು ಹೋಗುತ್ತೆ ಅಷ್ಟೇ. ಪೇಟೆ ಮಿಲ್ಲಲ್ಲಿ ದಿಮ್ಮಿನ ಟ್ರಾಲಿ ಮೇಲಿಟ್ಟು ಗರಗಸದ ಕಡೆ ತಳ್ತಾರಲ್ಲ, ಇಲ್ಲಿ ಉಲ್ಟಾ. ನೆಲದ ಮೇಲೆ ಎರಡು ಕಬ್ಬಿಣದ ಹಳಿ ಹಾಸಿ ಮಧ್ಯ ದಿಮ್ಮಿ ಮಲಗಿಸಿ ಕಚ್ಚಿ ಹಿಡಿಸ್ತಾರೆ, ದಿಮ್ಮಿ ಅಲ್ಲಾಡಲ್ಲ, ಇಂಜಿನ್ ಸಮೇತ ಗರಗಸಾನೇ ಅದ್ರ ಮೇಲೆ ಆ ಕಡೆಯಿಂದ ಈ ಕಡೆಗೆ ಹೋಗುತ್ತೆ. ಒಂದು ಹಲಗೆ ಆದ್ಮೇಲೆ ಹಿಡಿ ತಿರುಗಿಸಿ ಒಂದಿಂಚು ಕೆಳಗಿಳಿಸೋದು, ಮತ್ತೆ ತಳ್ಳೋದು. ನೋಡೋಕೆ ತುಂಬಾ ಖುಷಿ. ಬುಡದ ತುಂಡು ಹತ್ತಡಿ ಉದ್ದ, ಏಳಡಿ ಸುತ್ತಳತೆ ಇತ್ತು. ಸುತ್ತಳತೆನ ನಾಲ್ಕರಿಂದ ಭಾಗಿಸಿ, ಅದನ್ನ ಅದರಿಂದಲೇ ಗುಣಿಸಿ ಉದ್ದದಿಂದ ಗುಣಿಸಿದ್ರೆ ಮೂವತ್ತು ಚಿಲ್ಲರೆ ಸಿ.ಎಫ್.ಟಿ, ಅಂದ್ರೆ ಘನ ಅಡಿ. ಈ ಲೆಕ್ಕದಲ್ಲಿ ನಿಜವಾಗ್ಲೂ ಇರೋದಕ್ಕಿಂತ ಐದರಲ್ಲೊಂದು ಪಾಲು ಕಮ್ಮಿನೇ ಬರುತ್ತೆ, ಸಿಪ್ಪೆಗೂ ಪುಡಿಗೂ ಹೋಗೋದನ್ನ ಮೊದಲೇ ಕಳೆದಂಗೆ.

ಮಿಷನ್ ಹುಡುಗ ಬಂದವನೇ ಕೇಳಿದ ಮೊದಲ ಮಾತು, "ಅಣ್ಣ, ಮರ ಎಲ್ಲಿತ್ತು, ಕಾಡಲ್ಲಾ ಮನೆ ಹತ್ರಾನಾ?" ಅಂಗಳದಲ್ಲೇ ಇತ್ತು ಅಂದೆ. ಅವನ ಮುಖ ಸಣ್ಣಗಾಯ್ತು. "ಹಂಗಾದ್ರೆ ಬ್ಲೇಡ್ ದುಡ್ಡು ಬೇರೆ. ಕಬ್ಬಿಣ ಸಿಕ್ಕಿ ಹಲ್ಲು ಹೋದ್ರೆ ನಿಮ್ಮ ಲೆಕ್ಕ." ಆಮೇಲೆ ದಿಮ್ಮಿಯ ಬುಡದ ಕಡೆ ಬಗ್ಗಿ ಕೈಯಲ್ಲಿ ಉಜ್ಜಿ ನೋಡಿದ. ಹಳದಿ ಕೆಚ್ಚಿನ ನಡುವೆ ಒಂದು ನೀಲಿಗಪ್ಪು ಗೆರೆ. ಕಬ್ಬಿಣ ಒಳಗೆ ಕೂತು ತುಕ್ಕು ಹಿಡಿದ್ರೆ ಮರದ ಒಗರಿನ ಜೊತೆ ಸೇರಿ ಹಂಗೆ ಕಪ್ಪು ಇಳಿಯುತ್ತಂತೆ. "ಒಳಗೆ ಏನೋ ಇದೆ" ಅಂದ.

"ಅದು ಮಳೆ ನೀರಿನ ಕಲೆ" ಅಂದ್ರು ಚಿಕ್ಕಪ್ಪ.

ಚಿಕ್ಕಪ್ಪ ಬೆಳಗ್ಗೆಯಿಂದ ಸ್ಟೂಲ್ ಹಾಕ್ಕೊಂಡು ಅಲ್ಲೇ ಕೂತಿದ್ರು. ಹುಡುಗನಿಗೆ ಅನುಭವ ಇತ್ತು, ಅಂಗಳದ ಮರ ಅಂದ್ರೆ ಒಬ್ಬ ಯಜಮಾನ್ರು ಪಕ್ಕದಲ್ಲಿ ಕೂತೇ ಇರ್ತಾರೆ ಅಂತ. ನೇರವಾಗಿ ಅವರನ್ನೇ ಕೇಳಿದ, "ಯಜಮಾನ್ರೇ, ಮೊಳೆಗಿಳೆ ಏನಾದ್ರೂ ಹೊಡೆದಿದ್ರಾ?"

"ಒಂದೆರಡು" ಅಂದ್ರು ಚಿಕ್ಕಪ್ಪ.

ಒಳಗೆ ಪಾತ್ರೆ ತೊಳೀತಿದ್ದ ಚಿಕ್ಕಮ್ಮ ಜೋರಾಗಿ ನಕ್ಕಿದ್ದು ಅಂಗಳಕ್ಕೆ ಕೇಳ್ತು.

"ಎಷ್ಟು ಎತ್ತರದಲ್ಲಿ?" ಚಿಕ್ಕಪ್ಪ ಎದ್ದು ನಿಂತು, ಕೈ ತಲೆ ಮೇಲೆತ್ತಿ, "ಇಷ್ಟು ಎತ್ತರ. ಆದ್ರೆ ಅದು ಆವಾಗ. ಈಗ ಮರ ಬೆಳೆದಿದೆಯಲ್ಲ, ಮೊಳೆನೂ ಮೇಲೆ ಹೋಗಿರುತ್ತೆ. ನಲವತ್ತು ವರ್ಷ ಆಯ್ತು, ನೀನೇ ಲೆಕ್ಕ ಹಾಕು." ಹುಡುಗ ನನ್ನ ಮುಖ ನೋಡಿದ. ನಾನು ಬಾಯಿ ಬಿಡೋ ಮೊದಲೇ ಚಿಕ್ಕಪ್ಪ ಸುಣ್ಣದ ಕಡ್ಡಿ ತಗೊಂಡು ಮೇಲಿನ ತುಂಡಿನ ಮೇಲೆ ಗೆರೆ ಎಳೆದಾಗಿತ್ತು. ಮೊಳೆಗಳೆಲ್ಲ ಇಲ್ಲಿವೆ, ಇದನ್ನ ಸೌದೆಗೆ ಇಡಿ, ಬುಡದ್ದು ಕ್ಲೀನ್, ಧೈರ್ಯವಾಗಿ ಕೊಯ್ಯಿ ಅಂತ ಆರ್ಡರ್. ಮನೆಯ ಹಿರಿಯರು, ಬೇರೆಯವರ ಎದುರಿಗೆ ಎಂತ ಹೇಳೋದು. ಮೇಲಿನ ತುಂಡಲ್ಲಿ ಒಂದು ಮೊಳೆನೂ ಇರಲಿಲ್ಲ ಅಂತ ಸೌದೆ ಒಡೆಯುವಾಗ ಗೊತ್ತಾಯ್ತು, ಆರಡಿ ಒಳ್ಳೇ ನಾಟ ನೀರು ಕಾಯಿಸೋ ಒಲೆಗೆ ಹೋಯ್ತು.

ಮರ ಉದ್ದ ಬೆಳೆಯೋದು ತುದಿಯಲ್ಲಿ ಮಾತ್ರ. ಕಾಂಡ ದಪ್ಪ ಆಗುತ್ತೆ ಅಷ್ಟೇ, ಎತ್ತಿಕೊಂಡು ಮೇಲೆ ಹೋಗಲ್ಲ. ಸೊಂಟದ ಮಟ್ಟದಲ್ಲಿ ಹೊಡೆದ ಮೊಳೆ ನೂರು ವರ್ಷ ಆದ್ರೂ ಸೊಂಟದ ಮಟ್ಟದಲ್ಲೇ ಇರುತ್ತೆ, ವರ್ಷ ವರ್ಷ ಒಳಗೊಳಗೆ ಹೋಗ್ತಾ ಇರುತ್ತೆ. ಬೇಲಿ ತಂತಿನ ಮರ ನುಂಗಿರೋದು ನೋಡಿದೋರಿಗೆಲ್ಲ ಇದು ಗೊತ್ತು, ತಂತಿ ಯಾವತ್ತಾದ್ರೂ ಮಾಡಿನ ಎತ್ತರಕ್ಕೆ ಹೋಗಿದ್ಯಾ? ಚಿಕ್ಕಪ್ಪನಿಗೆ ಈ ವಾದ ಹಿಡಿಸಲಿಲ್ಲ. ಮಕ್ಕಳು ಬೆಳೆದ್ರೆ ಕಿವಿನೂ ಮೇಲೆ ಹೋಗಲ್ವಾ ಅಂತ ಕೇಳಿದ್ರು. ಇದಕ್ಕೆ ಯಾರು ಏನು ಉತ್ತರ ಕೊಡ್ತಾರೆ?

ಮೊದಲ ಸಿಪ್ಪೆ ಚೆನ್ನಾಗಿ ಬಂತು. ಎರಡನೇದೂ ಬಂತು. ಮೇಣಕ್ಕೆ ಬ್ಲೇಡ್ ಅಂಟಬಾರದು ಅಂತ ನೀರು ತೊಟ್ಟಿಕ್ತಾ ಇತ್ತು, ಹಳದಿ ಪುಡಿ ಅಂಗಳ ತುಂಬಾ, ಬಾಳೆಗಿಡದ ಮೇಲೆ, ಚಿಕ್ಕಪ್ಪನ ತಲೆ ಮೇಲೆ. ಮೂರನೇ ಕೊಯ್ತ ಅರ್ಧ ಹೋಗಿತ್ತು, ಕಿರ್ ಅಂತ ಕಿವಿ ಹರಿಯೋ ಸದ್ದು, ಕಿಡಿ, ಟಣ್ ಅಂತ ಬ್ಲೇಡ್ ಚಕ್ರದಿಂದ ಹಾರಿ ಇಂಜಿನ್ ಬಂದ್. ಹುಡುಗ ಹಲಗೆ ಎತ್ತಿ ತೋರಿಸಿದ. ಮೂರಿಂಚು ಒಳಗೆ, ಕರೆಕ್ಟಾಗಿ ಅಡ್ಡ ಕತ್ತರಿಸಿದ ಮೊಳೆಯ ತಲೆ, ಹೊಸ ನಾಲ್ಕಾಣೆ ತರ ಹೊಳೀತಿತ್ತು.

ಇಲ್ಲಿಂದ ಶುರುವಾಯ್ತು ನೋಡಿ ವಿಚಾರಣೆ. ಬೇರೆಯವರಾಗಿದ್ರೆ ನಾಚ್ಕೊಂಡು ಒಳಗೆ ಹೋಗೋರು. ಚಿಕ್ಕಪ್ಪ ಕನ್ನಡಕ ತರಿಸಿ, ಮೊಳೆನ ಬೆಳಕಿಗೆ ಹಿಡಿದು, "ಇದು ಟಿವಿದು" ಅಂದ್ರು. ಆಂಟೆನಾದ ಬಿದಿರು ಗಳ ಆಡಬಾರದು ಅಂತ ತಂತಿ ಎಳೆದು ಕಟ್ಟಿದ ಮೊಳೆಯಂತೆ. ಭಾನುವಾರ ಬೆಳಗ್ಗೆ ಅರ್ಧ ಊರು ನಮ್ಮ ಜಗಲಿಯಲ್ಲಿ ಕೂತಿರೋದು, ಯಾರು ಎಲ್ಲಿ ಕೂರ್ತಿದ್ರು, ಯಾರ ಮಗು ಯಾವ ಕಂಬಕ್ಕೆ ತಲೆ ಹೊಡ್ಕೊಂಡಿತ್ತು, ಎಲ್ಲ ಹೇಳಿದ್ರು. ಹುಡುಗ ಬ್ಲೇಡ್ ಬದಲಾಯಿಸಿಕೊಂಡು ನಿಂತಿದ್ದ, ಗಂಟೆ ಲೆಕ್ಕ ಓಡ್ತಾ ಇತ್ತು.

ಮುಂದಿನ ಕೊಯ್ತದಲ್ಲಿ ಬೇಲಿಯ ಯು ಮೊಳೆ. "ಇದು ನಂದಲ್ಲ, ನಿಮ್ಮಪ್ಪಂದು" ಅಂದ್ರು. ನಮ್ಮಪ್ಪ ಜೀವಮಾನದಲ್ಲಿ ಸುತ್ತಿಗೆ ಹಿಡಿದೋರಲ್ಲ, ಈಗ ಬಂದು ಸಾಕ್ಷಿ ಹೇಳೋಕೆ ಅವರೂ ಇಲ್ಲ. ಆಮೇಲೆ ಎತ್ತಿನ ಲಾಳದ ತುಂಡು, ದೃಷ್ಟಿ ಆಗಬಾರದು ಅಂತ ಹೊಡೆದಿದ್ದು. ಯಾರ ದೃಷ್ಟಿ ತಡೀತೋ ಗೊತ್ತಿಲ್ಲ, ಎರಡನೇ ಬ್ಲೇಡಿನ ಹಲ್ಲಂತೂ ಸಾಲಾಗಿ ಹೋಯ್ತು. ಒಂದು ಬ್ಲೇಡಿಗೆ ಎರಡು ಸಾವಿರದ ಹತ್ತಿರ. ನಾನು ಸಿಟ್ಟಲ್ಲಿ, "ಚಿಕ್ಕಪ್ಪ, ಇನ್ನೆಷ್ಟಿದೆ ಒಂದ್ಸಲ ಹೇಳಿಬಿಡಿ" ಅಂದೆ. "ನೆನಪು ಮಾಡ್ಕೊಂಡು ಮೊಳೆ ಹೊಡೀತಾರಾ ಯಾರಾದ್ರೂ?" ಅಂದ್ರು. ಅಷ್ಟು ಹೊತ್ತಿಗೆ ಪಕ್ಕದ ಮನೆಯವರೂ ಬಂದು ಕೂತು, ಒಂದಿಂಚು ಸಾಲಲ್ಲ, ಒಣಗಿದ್ರೆ ಕುಗ್ಗುತ್ತೆ, ಎರಡು ನೂಲು, ಅಂದ್ರೆ ಕಾಲಿಂಚು, ಜಾಸ್ತಿ ಹಾಕ್ಸು ಅಂತ ಶುರು ಮಾಡಿದ್ರು. ಅದೇನೋ ಸರಿನೇ, ಆದ್ರೆ ಆ ಟೈಮಲ್ಲಿ ಯಾರ ಮಾತೂ ಕೇಳೋ ಸ್ಥಿತಿ ನಂದಲ್ಲ. ಕೊನೆಗೆ ಅಟ್ಟದಲ್ಲಿದ್ದ ಹಳೇ ರೇಡಿಯೋ ಬಿಚ್ಚಿ ಅದ್ರ ಸ್ಪೀಕರಿನ ಅಯಸ್ಕಾಂತ ತಗೊಂಡು ದಿಮ್ಮಿ ಮೇಲೆಲ್ಲ ಓಡಾಡಿಸಿದ್ವಿ. ಅರ್ಧ ಇಂಚು ಒಳಗಿದ್ರೆ ಹಿಡಿಯುತ್ತೇನೋ, ನಾಲ್ಕಿಂಚು ಒಳಗಿರೋದು ಅದಕ್ಕೆ ಹೆಂಗೆ ಗೊತ್ತಾಗ್ಬೇಕು.

ದಿಮ್ಮಿಯ ಇನ್ನೊಂದು ತುದಿ ಹತ್ತಿರ, ಕೆಚ್ಚಿನ ಒಳಗೇ, ದೊಡ್ಡದೊಂದು ಕೊಕ್ಕೆ ಸಿಕ್ತು. ಅದ್ರ ಜೊತೆ ಬಿಳಿ ಪಿಂಗಾಣಿ ಗುಂಡಿಯ ಚೂರು. ಈ ಸಲ ಹುಡುಗ ನಿಧಾನಕ್ಕೆ ತಳ್ತಿದ್ದ, ಸದ್ದು ಬದಲಾದ ತಕ್ಷಣ ನಿಲ್ಲಿಸಿದ, ಉಳಿಯಲ್ಲಿ ಕೆತ್ತಿ ತೆಗೆದ. ಚಿಕ್ಕಪ್ಪ ಅದನ್ನ ಅಂಗೈಯಲ್ಲಿ ಇಟ್ಕೊಂಡು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ರೇಡಿಯೋ ಏರಿಯಲ್‌ದು. 1965ರಲ್ಲಿ ಭದ್ರಾವತಿ ಆಕಾಶವಾಣಿ ಶುರುವಾಗಿ ಎಷ್ಟೋ ವರ್ಷ ಆದ್ಮೇಲೆ ಅಜ್ಜ ನಮ್ಮನೆಗೆ ರೇಡಿಯೋ ತಂದಿದ್ದು, ಮರದಿಂದ ಮಾಡಿನ ತನಕ ತಂತಿ ಎಳೆದಿದ್ದು, ಏಣಿ ಇರಲಿಲ್ಲ, ಚಿಕ್ಕಪ್ಪ ತುದಿಗಾಲಲ್ಲಿ ನಿಂತು ಕೈ ಪೂರ್ತಿ ಮೇಲೆ ಚಾಚಿ ಈ ಕೊಕ್ಕೆ ಹೊಡೆದಿದ್ದು. ಅಳತೆ ಟೇಪು ಹಿಡಿದು ನೋಡಿದೆ, ನೆಲದಿಂದ ಎಂಟಡಿ ಹತ್ತಿರ. ಚಿಕ್ಕಪ್ಪ ಎದ್ದು ಟೇಪಿನ ಪಕ್ಕ ನಿಂತು ಕೈ ಎತ್ತಿದ್ರು. ಬೆನ್ನು ಬಗ್ಗಿದೆ, ಭುಜದ ನೋವಿದೆ, ಆರೂಮುಕ್ಕಾಲಡಿಗೇ ನಿಂತೋಯ್ತು. "ನೋಡು, ಮೇಲೆ ಹೋಗಿದೆ ಅಂತ ಹೇಳಲಿಲ್ವಾ ನಾನು" ಅಂದ್ರು. ಈ ಸಲ ನಾನೂ ಹುಡುಗನೂ ವಾದ ಮಾಡಲಿಲ್ಲ. ಹುಡುಗ "ಹೌದು ಯಜಮಾನ್ರೇ, ಒಂದಡಿ ಹೋಗಿದೆ" ಅಂತ ಬೇರೆ ಹೇಳಿದ.

ಸಂಜೆ ಹೊತ್ತಿಗೆ ಕೊಯ್ಲು ಮುಗೀತು. ಹಲಗೆ ಹಲಗೆ ನಡುವೆ ರೀಪು ಇಟ್ಟು ಕೊಟ್ಟಿಗೆ ನೆರಳಲ್ಲಿ ಪೇರಿಸಿದ್ದೀವಿ, ತುದಿ ಒಡೀಬಾರದು ಅಂತ ಪೇಂಟ್ ಬಳಿದಿದ್ದೀವಿ, ಇಂಚಿಗೆ ಒಂದು ವರ್ಷ ಒಣಗ್ಬೇಕು ಅಂತ ಆಚಾರ್ರು ಹೇಳಿದ್ದಾರೆ. ಮಂಚ ಆಗ್ಬೇಕು ಅಂತ ನನ್ನ ಹೆಂಡತಿ, ದೇವರ ಕೋಣೆ ಬಾಗಿಲು ಅಂತ ಚಿಕ್ಕಮ್ಮ, ಜಗಳಕ್ಕೆ ಒಂದು ವರ್ಷ ಟೈಮಿದೆ. ತೂತಿಲ್ಲದ ಹಲಗೆ ಮೂರು ಮತ್ತೊಂದು.

ಇನ್ನು ದುಡ್ಡು ಕೊಡೋದು. ಕೂಲಿ, ಡೀಸೆಲ್, ಬ್ಲೇಡು, ಬ್ಲೇಡು, ಇನ್ನೊಂದು ಬ್ಲೇಡು. ಅಷ್ಟು ಕ್ಯಾಶ್ ಮನೇಲಿರಲಿಲ್ಲ, ಸ್ಕ್ಯಾನ್ ಮಾಡಿ ಅಣ್ಣ ಅಂದ. ಸ್ಕ್ಯಾನ್ ಮಾಡೋಕೆ ನೆಟ್‌ವರ್ಕ್ ಎಲ್ಲಿದೆ? ನಮ್ಮನೇಲಿ ಸಿಗ್ನಲ್ ಬರ್ತಿದ್ದಿದ್ದು ಒಂದೇ ಜಾಗದಲ್ಲಿ, ಅದೇ ಹಲಸಿನ ಮರದ ಪಶ್ಚಿಮದ ಕಡೆ, ಅಲ್ಲಿ ಚಿಕ್ಕಪ್ಪ ಹೊಡೆದ ಮೊಳೆಗೆ ಪ್ಲಾಸ್ಟಿಕ್ ಕವರಲ್ಲಿ ಫೋನ್ ನೇತುಹಾಕಿದ್ರೆ ಎರಡು ಕಡ್ಡಿ ಬರೋದು. ಮಕ್ಕಳ ಆನ್‌ಲೈನ್ ಕ್ಲಾಸೆಲ್ಲ ಅಲ್ಲೇ ಆಗಿದ್ದು. ಮರ ಬಿದ್ದಾಗಿಂದ ನಾವು ಗುಡ್ಡದ ತುದಿಗೆ ಹೋಗಿ ಫೋನ್ ಮಾಡ್ತಿದ್ವಿ. ಹುಡುಗನಿಗೆ ಕತ್ತಲಾಗೋ ಮೊದಲು ಮಿಷನ್ ತಗೊಂಡು ಘಾಟಿ ಇಳೀಬೇಕು.

"ತಾ ಇಲ್ಲಿ" ಅಂದ್ರು ಚಿಕ್ಕಪ್ಪ. ನನ್ನ ಫೋನ್ ಕಿತ್ಕೊಂಡು, ಮರದ ಬುಡ ಉಳಿದಿತ್ತಲ್ಲ ಅದ್ರ ಮೇಲೆ ಹತ್ತಿ, ಬಿಡಿ ಚಿಕ್ಕಪ್ಪ ಬೀಳ್ತೀರಿ ಅಂದ್ರೂ ಕೇಳದೆ, ಕಣ್ಣು ಅರ್ಧ ಮುಚ್ಚಿ ಗಾಳಿಯಲ್ಲಿ ಒಂದು ಜಾಗ ಹುಡುಕಿದ್ರು. ಸ್ವಲ್ಪ ಎಡಕ್ಕೆ, ಸ್ವಲ್ಪ ಕೆಳಗೆ. "ಇಲ್ಲೇ ಇತ್ತು." ಎರಡು ಕಡ್ಡಿ ಬಂತು. ನಾನು ಒಂದು ಕೈಯಲ್ಲಿ ಅವರ ಸೊಂಟ ಹಿಡ್ಕೊಂಡು, ಇನ್ನೊಂದು ಕೈ ಮೇಲೆತ್ತಿ ಪಿನ್ ಒತ್ತಿದೆ. ಮೂರು ಬ್ಲೇಡಿನ ದುಡ್ಡು ಹೋಯ್ತು.

"ಕಂಡ್ಯಾ? ನಾನು ಯಾವ ಮೊಳೆನೂ ಸುಮ್ನೆ ಹೊಡೆದೋನಲ್ಲ" ಅಂತ ಹೇಳಿ ಚಿಕ್ಕಪ್ಪ ನನ್ನ ಭುಜ ಹಿಡಿದು ಕೆಳಗಿಳಿದ್ರು.