ನಾಲ್ಕು ಕೋಣೆ ಸಾಕು, ಐದನೆಯದು ಬೇಡ

ಐರ್ಲೆಂಡಿನ ಹಳ್ಳಿಗಳಲ್ಲಿ ಹಸು, ಕುರಿ ಸಾಕಿಕೊಂಡಿರುವ ಮನೆಯವರು ತಮ್ಮ ಮನೆಯದೇ ಒಂದಷ್ಟು ಕೋಣೆಗಳನ್ನು ರಾತ್ರಿ ತಂಗುವವರಿಗೆ ಕೊಟ್ಟು, ಬೆಳಿಗ್ಗೆ ತಿಂಡಿ ಹಾಕಿ ಕಳಿಸುತ್ತಾರೆ. ಇದೇ 'ಬಿ ಅಂಡ್ ಬಿ', ಅಂದರೆ 'ಬೆಡ್ ಅಂಡ್ ಬ್ರೇಕ್‌ಫಾಸ್ಟ್'. ನಮ್ಮ ಕೊಡಗು, ಚಿಕ್ಕಮಗಳೂರಿನ ಹೋಂಸ್ಟೇ ನೋಡಿದವರಿಗೆ ಬೇಗ ಅರ್ಥವಾಗುತ್ತದೆ. ಐರ್ಲೆಂಡಿನ 2001ರ ಯೋಜನಾ ನಿಯಮಗಳ ಪ್ರಕಾರ, ವಾಸದ ಮನೆಯೊಂದರ ನಾಲ್ಕು ಕೋಣೆಗಳವರೆಗೆ, ಕೋಣೆಗೆ ನಾಲ್ಕು ಜನರಿಗೆ ಮೀರದಂತೆ, ಅತಿಥಿಗಳಿಗೆ ಕೊಡಲು ಪ್ರತ್ಯೇಕ ಅನುಮತಿ ಬೇಕಿಲ್ಲ. ಈ ಮಿತಿಯನ್ನು ದಾಟಲು ಹೊರಡುವವರಿದ್ದಾರೆ. ನನ್ನ ಮಟ್ಟಿಗೆ ಅದು ತಪ್ಪು. ಕಾಗದದ ಮೇಲಿನ ಆ 'ನಾಲ್ಕು', ಮನೆಯ ಕೊಳವೆ, ಒಲೆ, ಬಾವಿಗಳಿಗೂ ಸರಿಯಾದ ಅಳತೆ.

ಮೊದಲು ಬಿಸಿನೀರು. 300 ಲೀಟರಿನ ಸಿಲಿಂಡರಿನಲ್ಲಿ 60 ಡಿಗ್ರಿ ನೀರಿದೆ ಅಂದುಕೊಳ್ಳಿ. 10 ಡಿಗ್ರಿಯ ತಣ್ಣೀರು ಬೆರೆಸಿ 40 ಡಿಗ್ರಿಗೆ ಇಳಿಸಿದರೆ ಸುಮಾರು 500 ಲೀಟರ್ ಸಿಗುತ್ತದೆ. ನಿಮಿಷಕ್ಕೆ 8 ಲೀಟರಿನಂತೆ ಎಂಟು ನಿಮಿಷದ ಸ್ನಾನಕ್ಕೆ 64 ಲೀಟರ್. ಲೆಕ್ಕದಲ್ಲಿ ಏಳು ಜನರ ಸ್ನಾನ ಮುಗಿಯುತ್ತದೆ, ಆದರೆ ಕೆಳಗಿನಿಂದ ತಣ್ಣೀರು ತುಂಬಿಕೊಳ್ಳುತ್ತ ಹೋಗುವುದರಿಂದ ಆರನೆಯವರಿಗೇ ಉಗುರುಬೆಚ್ಚಗಾಗಿರುತ್ತದೆ. ಉಳಿದವರಿಗೆ ಎಲೆಕ್ಟ್ರಿಕ್ ಶವರ್ ಹಾಕೋಣವೆಂದರೆ ಒಂದೊಂದೂ 9 ಕಿಲೋವ್ಯಾಟ್ ಎಳೆಯುತ್ತದೆ. ಅಲ್ಲಿ ಸಾಮಾನ್ಯ ಮನೆಯ ವಿದ್ಯುತ್ ಸಂಪರ್ಕವೇ 12 ಕೆವಿಎ, ಅಂದರೆ ಹೆಚ್ಚೆಂದರೆ ಸುಮಾರು 12 ಕಿಲೋವ್ಯಾಟ್. ಎರಡು ಶವರ್ ಒಟ್ಟಿಗೆ ಓಡದಂತೆ ತಡೆಯುವ ಪ್ರಯಾರಿಟಿ ಸ್ವಿಚ್ ಇರಲೇಬೇಕು. ಅಂದರೆ ಒಬ್ಬರು ನಲ್ಲಿ ತಿರುಗಿಸಿದಾಗ ಇನ್ನೊಬ್ಬರು ಕಾಯಬೇಕು. ಸಿಲಿಂಡರಿನ ಬಿಸಿಯನ್ನು 50ಕ್ಕೆ ಇಳಿಸಿ ದುಡ್ಡು ಉಳಿಸುವ ಯೋಚನೆಯನ್ನಂತೂ ಮಾಡಬೇಡಿ, ನ್ಯುಮೋನಿಯಾ ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾಕ್ಕೆ ಜಾಗ ಮಾಡಿಕೊಟ್ಟಂತೆ. ಅದೇ ಕಾರಣಕ್ಕೆ ಚಳಿಗಾಲದಲ್ಲಿ ಖಾಲಿ ಬಿದ್ದ ಕೋಣೆಯ ನಲ್ಲಿಗಳನ್ನೂ ವಾರಕ್ಕೊಮ್ಮೆ ಬಿಡಬೇಕು.

ತಿಂಡಿಯ ಹೊತ್ತು ಇನ್ನೂ ಬಿಗಿ. ಎಂಟು ಜನರಿಗೆ ತಲಾ ಎರಡರಂತೆ 16 ಸಾಸೇಜ್, 16 ರ‍್ಯಾಷರ್ (ಹಂದಿಮಾಂಸದ ಹೋಳು), ಜೊತೆಗೆ ಪುಡಿಂಗ್ (ಸಿಹಿಯಲ್ಲ, ಸಾಸೇಜಿನಂಥದ್ದೇ), ಮೊಟ್ಟೆ, ಟೊಮ್ಯಾಟೊ, ಅಣಬೆ. ಉಪ್ಪುನೀರು ಹೀರಿಕೊಂಡಿರುವ ರ‍್ಯಾಷರನ್ನು ಬಾಣಲೆಯಲ್ಲಿ ಒತ್ತೊತ್ತಾಗಿ ಹಾಕಿದರೆ ನೀರು ಬಿಟ್ಟುಕೊಂಡು ಬೇಯುತ್ತದೆ, ಗರಿಯಾಗುವುದಿಲ್ಲ. ಹಾಗಾಗಿ ನಾಲ್ಕೈದರಂತೆ ಸರದಿಯಲ್ಲೇ ಹುರಿಯಬೇಕು. ಸಾಸೇಜಿನ ಒಳಭಾಗ 75 ಡಿಗ್ರಿ ಮುಟ್ಟಬೇಕು. ಅದನ್ನು ಓವನ್ನಿಗೆ ಬಿಟ್ಟರೆ ಒಲೆ ಖಾಲಿಯಾಗುತ್ತದೆ. ಮೊಟ್ಟೆ ಕೊನೆಗೆ, ಜನ ಕುರ್ಚಿಯಲ್ಲಿ ಕೂತ ಮೇಲೆ. ಎಂಟಕ್ಕೆ ಎರಡು ಕೋಣೆಯವರು, ಎಂಟೂ ಮುಕ್ಕಾಲಿಗೆ ಇನ್ನೆರಡು ಕೋಣೆಯವರು ಎಂದು ಹಿಂದಿನ ಸಂಜೆಯೇ ಮಾತಾಡಿಕೊಂಡರೆ ಒಂದು ಜೊತೆ ಕೈ ಸಾಕು. ಹಾಲು ಕರೆಯುವ ಮನೆಯಾದರೆ ಇನ್ನೊಂದು ಜೊತೆ ಕೈ ಆ ಹೊತ್ತಿಗೆ ಕೊಟ್ಟಿಗೆಯಲ್ಲಿರುತ್ತದೆ.

ಬ್ರೆಡ್ ಮಾತ್ರ ಅಂಗಡಿಯದು ಬೇಡ. ಸೋಡಾ ಬ್ರೆಡ್ಡಿಗೆ ಹುದುಗುವುದನ್ನು ಕಾಯುವ ಕೆಲಸವಿಲ್ಲ: 225 ಗ್ರಾಂ ಇಡಿಗೋಧಿ ಹಿಟ್ಟು, 225 ಗ್ರಾಂ ಮೈದಾ, ಒಂದೊಂದು ಟೀ ಚಮಚ ಉಪ್ಪು ಮತ್ತು ಅಡುಗೆ ಸೋಡಾ, ಸುಮಾರು 400 ಮಿಲಿ ಹುಳಿ ಮಜ್ಜಿಗೆ. ಸೋಡಾ ಜರಡಿ ಹಿಡಿಯದಿದ್ದರೆ ಗಂಟು ಉಳಿದು ಹಳದಿ ಕಲೆ, ಸಾಬೂನಿನ ರುಚಿ. ಚಪಾತಿ ಹಿಟ್ಟಿನಂತೆ ನಾದಿದರೆ ಕಲ್ಲು. ಕಲಸಿದ ಕೂಡಲೇ ಮೇಲೆ ಅಡ್ಡ-ಉದ್ದ ಆಳವಾಗಿ ಸೀಳಿ 200 ಡಿಗ್ರಿ ಓವನ್ನಿಗೆ ಇಡಬೇಕು. ತಡಮಾಡಿದರೆ ಮಜ್ಜಿಗೆಗೂ ಸೋಡಾಕ್ಕೂ ಹುಟ್ಟಿದ ಗಾಳಿ ಹೊರಟುಹೋಗುತ್ತದೆ. 40-45 ನಿಮಿಷದ ಮೇಲೆ ತಳ ತಟ್ಟಿದರೆ ಟೊಳ್ಳು ಸದ್ದು ಬರಬೇಕು.

ಇನ್ನು ನೀರು. ಯಾರೂ ಫೋಟೊ ಹಾಕದ ವಿಷಯ, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಐರ್ಲೆಂಡಿನ ಪಶ್ಚಿಮದ ಕ್ಲೇರ್, ಗಾಲ್ವೇ ಕಡೆ ಸುಣ್ಣಕಲ್ಲಿನ ನೆಲ, ಮೇಲೆ ತೆಳುವಾದ ಮಣ್ಣು. ಜೋರು ಮಳೆ ಬಿದ್ದರೆ ದನ ಮೇಯುವ ಹೊಲದ ಕೊಳೆ ಬಿರುಕುಗಳಲ್ಲಿ ಇಳಿದು ಬಾವಿ ಸೇರುತ್ತದೆ. ಅದರೊಂದಿಗೆ ಮಕ್ಕಳ ಮೂತ್ರಪಿಂಡಕ್ಕೇ ಪೆಟ್ಟು ಕೊಡಬಲ್ಲ ಇ. ಕೋಲಿ ಬ್ಯಾಕ್ಟೀರಿಯಾ ಬರಬಹುದು. ರೋಗಾಣು ಕೊಲ್ಲುವ ಯುವಿ (ನೇರಳಾತೀತ ಕಿರಣದ) ದೀಪ ಇದೆ ಎಂದು ನಿಶ್ಚಿಂತೆ ಬೇಡ: ನೀರು ಕದಡಿದ್ದರೆ ಬೆಳಕು ಒಳಹೋಗುವುದಿಲ್ಲ, ದೀಪಕ್ಕಿಂತ ಮೊದಲು ಸೋಸುವ ಫಿಲ್ಟರ್ ಇರಲೇಬೇಕು. ದೀಪ ಇನ್ನೂ ಉರಿಯುತ್ತಿದ್ದರೂ ವರ್ಷಕ್ಕೊಮ್ಮೆ ಬದಲಾಯಿಸಿ, ಬೆಳಕು ಕಂಡರೂ ಕೊಲ್ಲುವ ಶಕ್ತಿ ಕುಗ್ಗಿರುತ್ತದೆ. ಬಾವಿಯ ನೀರನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷೆಗೆ ಕಳಿಸಿ. ಕರು ಮುಟ್ಟಿದ ಮಕ್ಕಳ ಕೈಗೆ ಸಾಬೂನು-ನೀರೇ ಬೇಕು, ಸ್ಯಾನಿಟೈಜರಿಗೆ ಕ್ರಿಪ್ಟೊಸ್ಪೊರಿಡಿಯಂ ಎಂಬ ಭೇದಿ ತರುವ ಪರಾವಲಂಬಿ ಸಾಯುವುದಿಲ್ಲ.

ಐದನೇ ಕೋಣೆ ಎಡವುವುದು ಸೆಪ್ಟಿಕ್ ಟ್ಯಾಂಕಿನಲ್ಲಿ. ಅದರ ಗಾತ್ರ ಮನೆಯವರ ಲೆಕ್ಕದ್ದು. ಸ್ನಾನ, ಹತ್ತಾರು ಹಾಸುಬಟ್ಟೆಗಳ ಒಗೆತ ಎಲ್ಲ ಒಂದೇ ಬೆಳಿಗ್ಗೆ ನುಗ್ಗಿದರೆ ತಳದ ಕೆಸರು ಇಂಗುಗುಂಡಿಯತ್ತ ಹರಿದು ಮಣ್ಣನ್ನೇ ಕಟ್ಟಿಹಾಕುತ್ತದೆ. ಒಗೆತವನ್ನು ದಿನಕ್ಕಿಷ್ಟು ಎಂದು ಹಂಚಿ, ಬ್ಲೀಚ್ ಕಡಿಮೆ ಬಳಸಿ.

ಅಲ್ಲಿಗೆ ಹೋಗುವ ನಮ್ಮ ಸಸ್ಯಾಹಾರಿಗಳಿಗೆ ಒಂದು ಮಾತು. ಬ್ಲ್ಯಾಕ್ ಪುಡಿಂಗಿನಲ್ಲಿ ಹಂದಿಯ ರಕ್ತವಿರುತ್ತದೆ. ವೈಟ್ ಪುಡಿಂಗಿನಲ್ಲಿ ರಕ್ತವಿಲ್ಲ, ಆದರೆ ಮಾಂಸವಿದೆ, ಬಣ್ಣ ನೋಡಿ ಮೋಸಹೋಗಬೇಡಿ. ಅಣಬೆಯನ್ನು ರ‍್ಯಾಷರಿನ ಕೊಬ್ಬಿನಲ್ಲೇ ಹುರಿಯುವುದುಂಟು. ತಟ್ಟೆ ಬಂದ ಮೇಲೆ ಮುಖ ಸಿಂಡರಿಸುವ ಬದಲು ಹಿಂದಿನ ರಾತ್ರಿಯೇ ಹೇಳಿ, ಬೇರೆ ಬಾಣಲೆ ಕೇಳಿ. ನಾಲ್ಕೇ ಕೋಣೆಯ ಮನೆಯಲ್ಲಿ ಅದಕ್ಕೆ ಒಲೆಯ ಮೇಲೆ ಜಾಗ ಇರುತ್ತದೆ.