ವಾಲ್‌ಪೇಪರ್ ಮೊದಲನೇ ಸಾಲು, ಟೆಂಪ್ ಹದಿನೇಳನೇದು

ಬೆಳಿಗ್ಗೆಯಿಂದ ತಲೆ ಕೆಟ್ಟಿದೆ. ಸರ್ವರ್ ಗೊಡವೆ ಬೇಡ ಅನ್ನೋರು ಮುಂದಕ್ಕೆ ಹೋಗಿ, ಬೇಜಾರಿಲ್ಲ.

ಆಫೀಸಿನ ಮಷೀನುಗಳಲ್ಲಿರೋ ಆಪರೇಟಿಂಗ್ ಸಿಸ್ಟಮ್ಮನ್ನ, ಅಂದ್ರೆ ಡೆಬಿಯನ್ ಅನ್ನೋ ಲಿನಕ್ಸನ್ನ, 12ರಿಂದ 13ಕ್ಕೆ ಏರಿಸ್ಬೇಕು. ಏನೇನು ಬದಲಾಗುತ್ತೆ ಅಂತ ಒಂದು ಪುಟ ಬರ್ಕೊಡಪ್ಪ ಅಂದಿದ್ದೆ ನಮ್ಮ ಹುಡುಗನಿಗೆ. ಬರ್ಕೊಂಡು ಬಂದ. ಮೊದಲನೇ ಸಾಲು, ಹೊಸ ವಾಲ್‌ಪೇಪರ್. ಎರಡನೇದು ಗ್ನೋಮ್ 48, ಅಂದ್ರೆ ಹೊಸ ಡೆಸ್ಕ್‌ಟಾಪು. ಮೂರನೇದು, ಒಟ್ಟು 69,830 ಪ್ಯಾಕೇಜು, ಅಂದ್ರೆ ಸಾಫ್ಟ್‌ವೇರ್ ಪೊಟ್ಟಣಗಳು. ತಾತ್ಕಾಲಿಕ ಫೈಲುಗಳ ಫೋಲ್ಡರ್ ಸ್ಲ್ಯಾಶ್ ಟೆಂಪ್ (/tmp) ಇನ್ಮೇಲೆ ಡಿಸ್ಕಲ್ಲಿರಲ್ಲ, ರ‍್ಯಾಮಲ್ಲಿರುತ್ತೆ ಅನ್ನೋದು ಹದಿನೇಳನೇ ಸಾಲು.

"ಅದು ಸಣ್ಣ ವಿಷ್ಯ ಅಲ್ವಾ ಸರ್?"

ಸಣ್ಣ ವಿಷ್ಯ! ನಮ್ಮ ರಿಪೋರ್ಟ್ ಸರ್ವರಿಗಿರೋದು 4 ಜಿಬಿ ರ‍್ಯಾಮು. ರಾತ್ರಿ ಒಂದು ಸ್ಕ್ರಿಪ್ಟು 3 ಜಿಬಿ ಡೇಟಾನ ಟೆಂಪಲ್ಲೇ ಬಿಚ್ಚಿ ಹರವಿಕೊಂಡು ಕೆಲಸ ಮಾಡುತ್ತೆ. ಡೆಬಿಯನ್ 13ರಲ್ಲಿ ಟೆಂಪ್‌ಗೆ ಸಿಗೋದು ಹೆಚ್ಚಂದ್ರೆ ಅರ್ಧ ರ‍್ಯಾಮು, ಅಂದ್ರೆ 2 ಜಿಬಿ. ಡಿಸ್ಕಲ್ಲಿ 400 ಜಿಬಿ ಖಾಲಿ ಬಿದ್ದಿರುತ್ತೆ, ಸ್ಕ್ರಿಪ್ಟು "ಜಾಗ ಇಲ್ಲ" ಅಂತ ಬಾಯಿ ಬಡ್ಕೊಂಡು ನಿಲ್ಲುತ್ತೆ. ಬೆಳಿಗ್ಗೆ ಅಕೌಂಟ್ಸ್ ಮೇಡಂ ಫೋನ್ ಮಾಡೋದು ವಾಲ್‌ಪೇಪರ್ ಚೆನ್ನಾಗಿದೆ ಅಂತ ಹೇಳೋಕಲ್ಲ.

ನನ್ನ ಲೆಕ್ಕ ಇಷ್ಟೇ. ನಾನು ಕೇಳದೇನೇ ನನ್ನ ಕೈಕೆಳಗೆ ಏನು ಬದಲಾಯ್ತೋ ಅದು ನೋಟಿನಲ್ಲಿರ್ಬೇಕು. ನಾನೇ ಹುಡುಕ್ಕೊಂಡು ಹೋದಾಗ ಸಿಗೋ ಹೊಸ ಸಾಮಾನು ಅಲ್ಲೇ ಇರ್ಲಿ, ಎಲ್ಲೂ ಓಡಿಹೋಗಲ್ಲ. ಹೀಗೆ ಕೇಳದೇ ಬದಲಾಗೋದಕ್ಕೇ ಅಂತ ಡೆಬಿಯನ್‌ನೋರು ರಿಲೀಸ್ ನೋಟ್ಸಲ್ಲಿ ಬೇರೆ ಅಧ್ಯಾಯಾನೇ ಇಟ್ಟಿದಾರೆ. ಟೆಂಪ್ ಸಂಗತಿ ಅಲ್ಲಿದೆ. ಬೇಡ ಅಂದ್ರೆ ಹಳೇದಕ್ಕೆ ಮರಳೋ ಒಂದು ಸಾಲಿನ ಕಮಾಂಡೂ ಅಲ್ಲೇ ಇದೆ. ನಮ್ಮ ಹುಡುಗ ಓದಿದ್ದು ಬಿಡುಗಡೆಯ ಜಾಹೀರಾತನ್ನ.

ಇನ್ನೊಬ್ಬ ಮಹಾಶಯರು ಕಾಫಿ ಹೊತ್ತಲ್ಲಿ ಹೇಳಿದ್ರು: "ಮುಖ್ಯವಾದ್ದೇನಾದ್ರೂ ಬದಲಾದ್ರೆ ಆ ಪ್ಯಾಕೇಜಿನ ಜೊತೆ ಅದನ್ನ ಹೇಳೋ ನ್ಯೂಸ್ ಫೈಲ್ ಇರುತ್ತಲ್ರೀ, ಬೇಕಾದೋರು ಓದ್ಕೋತಾರೆ." ಇರುತ್ತೆ ಸ್ವಾಮಿ. ಈ ಸಲ ಹೊಸ ಆವೃತ್ತಿ ಬಂದಿರೋ ಪ್ಯಾಕೇಜುಗಳೇ 44,326. ಅದ್ರಲ್ಲಿ ಯಾವ್ಯಾವುದಕ್ಕೆ ನ್ಯೂಸ್ ಇದೆ ಅಂತ ನೀವು ಹುಡುಕಿ ಓದ್ಕೊಂಡು ಬನ್ನಿ, ಅಷ್ಟರಲ್ಲಿ ನಾನು ರಿಟೈರ್ ಆಗಿರ್ತೀನಿ.

ಇಷ್ಟು ಕೂಗಾಡೋಕೆ ಕಾರಣಾನೂ ಇದೆ, ಹೇಳ್ಬಿಡ್ತೀನಿ. 2019ರಲ್ಲಿ ಡೆಬಿಯನ್ 10ಕ್ಕೆ ಏರಿಸಿದ ರಾತ್ರಿ, ಎಸ್‌ಯು (su) ಅನ್ನೋ ಕಮಾಂಡ್ ಹೊಡೆದು ರೂಟ್, ಅಂದ್ರೆ ಎಲ್ಲ ಅಧಿಕಾರ ಇರೋ ಯೂಸರ್, ಆದೆ. ಹೊಸ ಯೂಸರ್ ಸೇರಿಸೋ ಆಡ್‌ಯೂಸರ್ ಅಂದೆ, ಅಂಥ ಕಮಾಂಡೇ ಇಲ್ಲ ಅಂತು. ಡಿಸ್ಕ್ ಭಾಗ ಮಾಡೋ ಎಫ್‌ಡಿಸ್ಕ್ ಅಂದೆ, ಅದೂ ಇಲ್ಲ. ಸಿಸ್ಟಮ್ಮೇ ಹಾಳಾಯ್ತು ಅಂತ ಬೆವರಿಳಿದು ಬ್ಯಾಕಪ್ ಹುಡುಕ್ತಾ ಒಂದೂವರೆ ಆಯ್ತು. ಆಗಿದ್ದು ಇಷ್ಟೇ: ಹೊಸ ಎಸ್‌ಯು ರೂಟಿನ ಪಾತ್ (ಕಮಾಂಡುಗಳನ್ನ ಎಲ್ಲೆಲ್ಲಿ ಹುಡುಕ್ಬೇಕು ಅನ್ನೋ ಪಟ್ಟಿ) ಕೊಡದೆ ನನ್ನ ಪಾತನ್ನೇ ಉಳಿಸಿಕೊಂಡಿತ್ತು. ಎಸ್‌ಯು ಆದ್ಮೇಲೆ ಜಾಗ ಬಿಟ್ಟು ಒಂದು ಅಡ್ಡಗೀಟು (su -) ಹಾಕಿದ್ರೆ ಮುಗೀತಿತ್ತು. ಅದೂ ಒಂದು ನ್ಯೂಸ್ ಫೈಲಲ್ಲಿ ಚೆನ್ನಾಗೇ ಬರ್ದಿತ್ತು. ಅಪ್‌ಗ್ರೇಡ್ ನಡುವೆ ಸ್ಕ್ರೀನ್ ಮೇಲೂ ಬಂದಿತ್ತು. ನಾನೇ ಕ್ಯೂ ಒತ್ತಿ ಮುಚ್ಚಿದ್ದೆ. ಡೆಬಿಯನ್‌ನೋರಿಗೆ ಬೈದಿದ್ದು ಮಾತ್ರ ಎರಡು ದಿನ.

ಸಂಜೆ ಹುಡುಗ ತಿದ್ಕೊಂಡು ಬಂದ. ಟೆಂಪ್ ಮೊದಲನೇ ಸಾಲಿಗೆ ಬಂದಿದೆ. ವಾಲ್‌ಪೇಪರ್ ಕೊನೇ ಸಾಲಿಗೆ ಇಳಿದಿದೆ, ಹೋಗಿಲ್ಲ. "ಸರ್, ಅದೊಂದಿರ್ಲಿ" ಅಂದ. ಇಟ್ಕೋ ಅಂದೆ.